ಒರೆಯೊಳಗೆ ಬಂದ ಮಳೆ

ಆಚಾರಿಯವರು ಕಬ್ಬಿಣ ಮುಟ್ಟುವ ಮೊದಲು ನನ್ನ ಕೈ ನೋಡಿದರು. ಅಂಗೈ ಅಗಲವೆಷ್ಟು, ಬೆರಳು ಉದ್ದವೆಷ್ಟು, ಹಿಡಿದರೆ ಹೆಬ್ಬೆರಳು ಎಲ್ಲಿಗೆ ಬರುತ್ತದೆ. ಪಕ್ಕದಲ್ಲಿದ್ದ ಕೋಲೊಂದನ್ನು ಕೊಟ್ಟು, “ಬಾಳೆಲೆ ಕೊಯ್ಯುವ ಹಾಗೆ ಹಿಡಿಯಿರಿ” ಎಂದರು. ಹಿಡಿದೆ. “ಇನ್ನು ಹಗ್ಗ ಕೊಯ್ಯುವ ಹಾಗೆ.” ಅದನ್ನೂ ಹಿಡಿದೆ. ಎರಡು ಹಿಡಿತಕ್ಕೂ ಬೆರಳುಗಳು ಕೂತ ಜಾಗದಲ್ಲಿ ಇದ್ದಿಲಿನಿಂದ ಗೀಟು ಹಾಕಿದರು. ಅಳತೆ ಅಷ್ಟೇ. ನಾನು ಕಾಗದದಲ್ಲಿ ಬರೆದುಕೊಂಡು ಹೋಗಿದ್ದ ನಕ್ಷೆ ಕಿಸೆಯಲ್ಲೇ ಉಳಿಯಿತು.

ಇದು ಕಾರ್ಕಳದಿಂದ ಸ್ವಲ್ಪ ಒಳಗೆ, ತುಳುವಿನಲ್ಲಿ ಕರ್ಬದ ಕೊಟ್ಯ ಎನ್ನುವಂಥ ಒಂದು ಕುಲುಮೆ. ಕರ್ಬ ಎಂದರೆ ಕಬ್ಬಿಣ. ಹೆಂಚಿನ ಮಾಡು, ಮೂರು ಕಡೆ ಗೋಡೆಯಿಲ್ಲ, ನಡುವೆ ನೆಲಕ್ಕಿಂತ ತುಸು ಎತ್ತರದಲ್ಲಿ ಬೆಂಕಿ. ಹಿಂದೆ ಚರ್ಮದ ತಿದಿ ಇತ್ತಂತೆ. ಈಗ ಗಾಳಿ ಊದುವುದು ಸಣ್ಣದೊಂದು ವಿದ್ಯುತ್ ಬ್ಲೋವರ್. ಉಳಿದದ್ದೆಲ್ಲ ಹಳೆಯದೇ: ಅಡಿಗಲ್ಲು, ಇಕ್ಕುಳ, ಸುತ್ತಿಗೆ, ಸಮ್ಮಟಿಗೆ, ಅರ. ನಾನು ಕೆಲಸ ಮಾಡುವುದು ಮಣಿಪಾಲದಲ್ಲಿ, ಮನೆ ಕಾಪುವಿನ ಕಡೆ. ಶನಿವಾರ ಶನಿವಾರ ಕಾರ್ಕಳಕ್ಕೆ ಹೋಗಿ ಕೂತು, ಒಂದು ಚಿಕ್ಕ ಕತ್ತಿ ಹುಟ್ಟುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಬೇಕು, ಕೈಗೆ ಸಿಕ್ಕಷ್ಟನ್ನು ನಾನೇ ಮಾಡಬೇಕು ಎಂಬುದು ನನ್ನ ಆಸೆಯಾಗಿತ್ತು. ಅಲಗು ಆಚಾರಿಯವರದು, ಹಿಡಿ ಮತ್ತು ಒರೆ ನನ್ನದು.

ಕಬ್ಬಿಣ ಬಂದದ್ದು ಲಾರಿಯ ಹಳೆಯ ಕಮಾನು ಪಟ್ಟಿಯಿಂದ. ನಮ್ಮೂರಿನ ಕತ್ತಿಗಳಲ್ಲಿ ಹೆಚ್ಚಿನವು ಒಂದು ಕಾಲದಲ್ಲಿ ಘಾಟಿಯ ಹೊಂಡಗಳಲ್ಲಿ ಭಾರ ಹೊತ್ತವೇ. ಕಮಾನು ಬಾಗಿ ಮತ್ತೆ ನೆಟ್ಟಗಾಗಬೇಕಾದ್ದರಿಂದ ಅದನ್ನು ಸಾದಾ ಕಬ್ಬಿಣದಲ್ಲಿ ಮಾಡುವುದಿಲ್ಲ. ನೂರರಲ್ಲಿ ಅರ್ಧ ಪಾಲಿಗಿಂತ ತುಸು ಹೆಚ್ಚು ಇಂಗಾಲ ಸೇರಿದ ಉಕ್ಕು ಅದು. ಹದ ಹಿಡಿಯುವುದು ಆ ಅರ್ಧ ಪಾಲಿನಿಂದಲೇ. ಕಿಟಕಿಯ ಸರಳನ್ನು ತಂದು ಎಷ್ಟು ಬಡಿದರೂ ಅದು ಕತ್ತಿಯ ಆಕಾರ ತಾಳೀತೇ ಹೊರತು ಕತ್ತಿಯಾಗದು.

ಕಾದ ಪಟ್ಟಿಯನ್ನು ಮೊದಲು ನೆಟ್ಟಗೆ ಮಾಡಿ, ಬೇಕಾದಷ್ಟು ಕಡಿದು, ಒಂದು ತುದಿಯನ್ನು ಎಳೆದು ತೆಳುವಾದ ಬಾಲ ಮಾಡಿದರು. ಹಿಡಿಯೊಳಗೆ ಹೋಗುವ ಈ ಭಾಗಕ್ಕೆ ಬಾಲ ಎಂದೇ ಹೆಸರು. ಕತ್ತಿಗೆ ಬಾಯಿಯಿದೆ, ಬೆನ್ನಿದೆ, ಮೊನೆಯಿದೆ, ಬಾಲವಿದೆ. ಕುಲುಮೆಯಲ್ಲಿ ಕೂತವರಿಗೆ ಅದೊಂದು ಪ್ರಾಣಿಯ ಹಾಗೆ ಕಾಣುವುದು ಸಹಜ. ಬಾಲ ಮುಗಿದ ಮೇಲೆ ಅವರು ಮಾಡಿದ್ದು ನನಗೆ ತಪ್ಪಾಗಿ ಕಂಡಿತು. ನೆಟ್ಟಗಿದ್ದ ಅಲಗನ್ನು ಬೇಕೆಂದೇ ಬಾಯಿಯ ಕಡೆಗೆ ಬಗ್ಗಿಸಿದರು, ಕುಡುಗೋಲಿನ ಹಾಗೆ. ಕೇಳಲು ಬಾಯಿ ತೆರೆಯುವಷ್ಟರಲ್ಲಿ ಉತ್ತರ ಅಡಿಗಲ್ಲಿನ ಮೇಲಿತ್ತು. ಬಾಯಿಯನ್ನು ತೆಳುಮಾಡಲು ಬಡಿದಂತೆ ಆ ಅಂಚು ಉದ್ದವಾಗುತ್ತದೆ, ಬೆನ್ನು ಇದ್ದಷ್ಟೇ ಇರುತ್ತದೆ. ಹಾಗಾಗಿ ಅಲಗು ತಾನಾಗಿ ಬೆನ್ನಿನ ಕಡೆಗೆ ಬಾಗುತ್ತ ಹೋಗುತ್ತದೆ. ಆ ಬಾಗನ್ನು ಮೊದಲೇ ಲೆಕ್ಕ ಹಾಕಿ ಎದುರು ದಿಕ್ಕಿಗೆ ಬಗ್ಗಿಸಿಟ್ಟರೆ, ಬಡಿತ ಮುಗಿಯುವಾಗ ಕತ್ತಿ ನೆಟ್ಟಗೆ ನಿಂತಿರುತ್ತದೆ. ಎಷ್ಟು ಬಗ್ಗಿಸಬೇಕು ಎಂಬುದಕ್ಕೆ ಅಳತೆಯಿಲ್ಲ. ಅವರ ಕೊನೆಯ ಏಟು ಬಿದ್ದಾಗ ಬೆನ್ನಿನ ಗೆರೆ ನೂಲು ಹಿಡಿದಂತಿತ್ತು. ನಾನು ಅದನ್ನು ನೋಡಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಆಮೇಲೆ ಅಲಗನ್ನು ಮೂರು ಸಲ ಕೆಂಪಗೆ ಕಾಯಿಸಿ, ಮೂರು ಸಲವೂ ಗಾಳಿಯಲ್ಲೇ ಆರಲು ಬಿಟ್ಟರು. ಬಡಿತದಲ್ಲಿ ಒಳಗೆ ಸೇರಿಕೊಂಡ ಬಿಗಿ ಹೀಗೆ ಬಿಡುತ್ತದೆ. ಕೊನೆಗೊಮ್ಮೆ ಕಾಯಿಸಿ ಭತ್ತದ ಉಮಿಯ ಬೂದಿಯೊಳಗೆ ಹೂತು ಇಡೀ ರಾತ್ರಿ ಬಿಟ್ಟರು. ನಿಧಾನವಾಗಿ ಆರಿದ ಉಕ್ಕು ಮೆತ್ತಗಾಗುತ್ತದೆ, ಅರ ಕಚ್ಚುತ್ತದೆ. ಮುಂದಿನ ಶನಿವಾರವೆಲ್ಲ ಅರ ಉಜ್ಜಿದ್ದು ನಾನು.

ಹದ ಹಾಕುವುದಕ್ಕೆ ಸಂಜೆಯವರೆಗೆ ಕಾಯಿಸಿದರು, ಕತ್ತಿಯನ್ನೂ ನನ್ನನ್ನೂ. ಬಿಸಿಲಿನಲ್ಲಿ ಬೆಂಕಿಯ ಬಣ್ಣ ಕಣ್ಣಿಗೆ ಸುಳ್ಳು ಹೇಳುತ್ತದೆ. ನೆರಳು ಇಳಿದ ಮೇಲೆಯೇ ಕೆಂಪು ಕೆಂಪಾಗಿ ಕಾಣುವುದು. ಉಕ್ಕು ಸುಮಾರು 770 ಡಿಗ್ರಿ ದಾಟಿದರೆ ಅಯಸ್ಕಾಂತ ಅದಕ್ಕೆ ಅಂಟುವುದಿಲ್ಲ. ಹೊಸಬರು ಹಾಗೆ ಪರೀಕ್ಷಿಸಿ, ಅದಕ್ಕಿಂತ ತುಸು ಹೆಚ್ಚು ಕಾಯಿಸಿ ತೆಗೆಯುತ್ತಾರೆ. ಆಚಾರಿಯವರಿಗೆ ಕಣ್ಣೇ ಸಾಕು. ಬಣ್ಣ ಅಲಗಿನ ಉದ್ದಕ್ಕೂ ಒಂದೇ ಸಮ ಬಂದದ್ದೇ ತಡ, ಬಾಯಿಯ ಭಾಗವನ್ನಷ್ಟೇ ಎಣ್ಣೆಗೆ ಇಳಿಸಿ, ತೊಟ್ಟಿಲು ತೂಗಿದಂತೆ ಹಿಂದೆ ಮುಂದೆ ಆಡಿಸಿದರು. ಮಾತಿಗೆ ಇದನ್ನು ನೀರು ಕುಡಿಸುವುದು ಎನ್ನುತ್ತಾರೆ, ಆದರೆ ಈ ಜಾತಿಯ ಉಕ್ಕಿಗೆ ನೀರು ತೀರಾ ಚುರುಕು, ಬಿರುಕು ಬಿಟ್ಟೀತು. ಎಣ್ಣೆ ಸ್ವಲ್ಪ ಸಾವಧಾನದ್ದು. ಕಾದ ಉಕ್ಕಿನಲ್ಲಿ ಇಂಗಾಲ ಕಬ್ಬಿಣದ ಸಂದಿಗೊಂದಿಯಲ್ಲೆಲ್ಲ ಓಡಾಡಿಕೊಂಡಿರುತ್ತದೆ. ಮೆಲ್ಲಗೆ ಆರಿದರೆ ಹೊರಬಂದು ಬೇರೆಯಾಗಿ ಕೂರುತ್ತದೆ. ಥಟ್ಟನೆ ತಣಿದರೆ ಹೊರಬರಲು ಪುರಸೊತ್ತಿಲ್ಲದೆ ಅಲ್ಲೇ ಸಿಕ್ಕಿಬೀಳುತ್ತದೆ, ಸುತ್ತಲಿನ ಹರಳುಗಳೆಲ್ಲ ಸೆಟೆದುಕೊಳ್ಳುತ್ತವೆ. ಆ ಸೆಟೆತವೇ ಗಡಸುತನ. ಈಗ ಬಾಯಿಯ ಮೇಲೆ ಅರ ಆಡಿಸಿದರೆ ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತದೆ.

ಆದರೆ ಗಾಜಿನಂಥ ಕತ್ತಿ ಗಾಜಿನ ಹಾಗೆಯೇ ಒಡೆಯುತ್ತದೆ. ಆದ್ದರಿಂದ ಹದದ ಎರಡನೆಯ ಭಾಗ. ಬೆನ್ನಿನಲ್ಲಿ ಇನ್ನೂ ಬಿಸಿ ಉಳಿದಿದೆ. ಆಚಾರಿಯವರು ಸಾಣೆಕಲ್ಲಿನ ತುಂಡಿನಿಂದ ಬಾಯಿಯ ಪಕ್ಕವನ್ನು ಎರಡು ಮೂರು ಸಲ ಉಜ್ಜಿ ಹೊಳಪು ಮಾಡಿ, ನೋಡುತ್ತ ನಿಂತರು. ಬೆನ್ನಿನ ಬಿಸಿ ಮೆಲ್ಲಗೆ ಬಾಯಿಯ ಕಡೆಗೆ ಇಳಿಯತೊಡಗಿತು, ಜೊತೆಗೆ ಬಣ್ಣಗಳೂ: ಮುಂದೆ ಒಣಹುಲ್ಲಿನ ಹಳದಿ, ಅದರ ಹಿಂದೆ ಕಂದು, ಅದರ ಹಿಂದೆ ನೇರಳೆ, ಕೊನೆಗೆ ನೀಲಿ. ಹಳದಿ ಸುಮಾರು 220 ಡಿಗ್ರಿಯ ಗುರುತು, ನೀಲಿ 300ರ ಹತ್ತಿರ. ಹಳದಿ ಬಾಯಿಯ ಅಂಚಿಗೆ ಮುಟ್ಟಿ, ಅದಕ್ಕೆ ಕಂದಿನ ಛಾಯೆ ಬರುವ ಆ ಕ್ಷಣದಲ್ಲಿ ಇಡೀ ಅಲಗು ತಣ್ಣೀರಿಗೆ ಇಳಿಯಿತು. ಬಾಯಿ ಗಡಸು, ಬೆನ್ನು ಮೆತು. ಒಂದೇ ತುಂಡು ಉಕ್ಕಿನಲ್ಲಿ ಎರಡು ಗುಣ, ಮೂರು ನಿಮಿಷದಲ್ಲಿ.

ಕಾರ್ಕಳದಲ್ಲಿ ಕೂತು ಈ ಕೆಲಸ ನೋಡುವಾಗ ಬೆಟ್ಟದ ಮೇಲಿನ ಗೊಮ್ಮಟನ ನೆನಪಾಗದೆ ಇರಲಿಲ್ಲ. 1432ರಲ್ಲಿ ನಿಲ್ಲಿಸಿದ, 42 ಅಡಿ ಎತ್ತರದ ಏಕಶಿಲೆ. ಅದನ್ನು ನಿಲ್ಲಿಸಿದ ವೀರಪಾಂಡ್ಯ ಭೈರರಸನ ಹೆಸರು ಶಾಸನದಲ್ಲಿದೆ. ಆದರೆ ಕಲ್ಲಿಗೆ ಹೊಡೆದ ಉಳಿ ಬೇಗ ಮೊಂಡಾಗುತ್ತದೆ. ಕಲ್ಲು ಕೆತ್ತುವ ಜಾಗದಲ್ಲೆಲ್ಲ ಉಳಿಯನ್ನು ಮತ್ತೆ ಮತ್ತೆ ಕಾಯಿಸಿ, ಬಡಿದು, ಹದ ಹಾಕಿ ಕೊಡುವ ಕೈಯೊಂದು ಬೇಕೇ ಬೇಕು. ಆ ಮಂದಹಾಸದ ಹಿಂದೆಯೂ ಒಂದು ಕುಲುಮೆ ಉರಿದಿರಬೇಕು, ಯಾರೋ ಒಬ್ಬರು ಸಂಜೆಯ ನೆರಳಿನಲ್ಲಿ ಉಳಿಯ ತುದಿಗೆ ಹಳದಿ ಬರುವುದನ್ನು ಕಾದಿರಬೇಕು. ಕಾರ್ಕಳದ ಪಕ್ಕದ ಮಿಯಾರಿನಲ್ಲಿ ಇವತ್ತಿಗೂ ಕುಶಲಕರ್ಮಿಗಳ ತರಬೇತಿ ಸಂಸ್ಥೆ ಇದೆ, ಹುಡುಗರು ಕಲ್ಲು-ಮರ ಕೆತ್ತುವುದನ್ನು ಕಲಿಯುತ್ತಾರೆ. ಉಳಿಯ ಹದ ತಿಳಿದವರನ್ನು ನಾವು ಅಷ್ಟು ನೆನೆಯುವುದಿಲ್ಲ ಎಂಬುದು ನನ್ನ ಕೊರಗು.

ಇನ್ನು ಹಿಡಿ.

ಕೊಂಬಿನ ಹಿಡಿ ಬೇಕೆಂಬ ಆಸೆ ನನಗೆ ಚಿಕ್ಕಂದಿನಿಂದ ಇತ್ತು. ಬಂಧುಗಳೊಬ್ಬರ ಮನೆಯಲ್ಲಿ ಕಡವೆ ಕೊಂಬಿನ ಹಿಡಿಯ ಚೂರಿಯೊಂದನ್ನು ನೋಡಿದ್ದೆ. ಹೊರಗೆ ಮರದ ತೊಗಟೆಯಂಥ ಒರಟು, ಮುಟ್ಟಿ ಮುಟ್ಟಿ ಉಬ್ಬುಗಳ ಮೇಲೆ ಮಾತ್ರ ದಂತದ ಬಿಳುಪು. ಕನ್ನಡದಲ್ಲಿ ಜಿಂಕೆಯ ತಲೆಯ ಮೇಲಿನದಕ್ಕೂ ಎಮ್ಮೆಯ ತಲೆಯ ಮೇಲಿನದಕ್ಕೂ ಕೊಂಬು ಎಂದೇ ಹೇಳುತ್ತೇವೆ, ಎರಡೂ ಬೇರೆ ಬೇರೆ ವಸ್ತು. ಕಡವೆ, ಸಾರಂಗಗಳದ್ದು ಎಲುಬು. ಬೆಳೆಯುವಾಗ ಮೇಲೆ ಮಖಮಲ್ಲಿನಂಥ ಚರ್ಮ, ಅದರೊಳಗೆ ರಕ್ತದ ಓಟ. ಪ್ರಾಣಿಗಳ ಮೈಯಲ್ಲಿ ಇಷ್ಟು ಬೇಗ ಬೆಳೆಯುವ ಎಲುಬು ಇನ್ನೊಂದಿಲ್ಲವೆನ್ನಬಹುದು. ಬಲಿತ ಮೇಲೆ ಚರ್ಮ ಸುಲಿದುಹೋಗುತ್ತದೆ, ಋತು ಮುಗಿದ ಮೇಲೆ ಕೊಂಬೇ ಕಳಚಿ ಬೀಳುತ್ತದೆ, ಮತ್ತೆ ಹೊಸದು ಚಿಗುರುತ್ತದೆ. ಕೊಂಬು, ಕೊಂಬೆ ಎರಡನ್ನೂ ನಮ್ಮ ಹಿರಿಯರು ಒಂದೇ ಮಾತಿನ ಬಳಿ ಇಟ್ಟದ್ದು ಕವಲೊಡೆಯುವ, ಉದುರಿ ಚಿಗುರುವ ಈ ಗುಣವನ್ನು ಕಂಡೇ ಎಂದು ನನಗೆ ಅನಿಸುತ್ತದೆ. ಎಮ್ಮೆ-ಕೋಣಗಳದ್ದು ಉಗುರಿನ ಜಾತಿ. ಒಳಗೊಂದು ಎಲುಬಿನ ತಿರುಳು, ಅದರ ಮೇಲೆ ಟೊಪ್ಪಿಗೆಯ ಹಾಗೆ ಕೂತದ್ದು, ಉದುರದು, ಕವಲೊಡೆಯದು.

ಕತ್ತಿ ಮಾಡುವವರು ಜಿಂಕೆ ಜಾತಿಯ ಕೊಂಬನ್ನು ಬಯಸಿದ್ದಕ್ಕೆ ಕಾರಣವಿದೆ. ಒದ್ದೆ ಕೈಯಲ್ಲೂ ಜಾರುವುದಿಲ್ಲ, ಬಡಿದರೆ ಸೀಳುವುದಿಲ್ಲ, ಚಳಿಯಲ್ಲಿ ಕಬ್ಬಿಣದಷ್ಟು ತಣ್ಣಗಾಗುವುದಿಲ್ಲ. ಉತ್ತರ ಯುರೋಪಿನ ಸಾಮಿ ಜನ ತಾವು ಸಾಕುವ ಹಿಮಸಾರಂಗದ ಕೊಂಬಿನಿಂದ ಚೂರಿಯ ಹಿಡಿಯನ್ನಷ್ಟೇ ಅಲ್ಲ, ಒರೆಯನ್ನೂ ಮಾಡಿ ಮೇಲೆ ಚಿತ್ತಾರ ಕೊರೆಯುತ್ತಾರೆ. ಇಂಗ್ಲೆಂಡಿನ ಶೆಫೀಲ್ಡಿನ ಚೂರಿ ಕಾರ್ಖಾನೆಗಳಿಗೆ ಎಲ್ಲಕ್ಕಿಂತ ಬೇಕಾಗಿದ್ದದ್ದು ನಮ್ಮ ಕಡವೆಯ ಕೊಂಬು, ಏಕೆಂದರೆ ಅದರ ನಡುವಿನ ಬೆಂಡು ಕಡಿಮೆ, ಸುತ್ತಲಿನ ಗಟ್ಟಿ ಭಾಗ ದಪ್ಪ. ಆ ರಫ್ತು ಈಗ ನಿಂತುಹೋಗಿದೆ.

ನಿಂತದ್ದು ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೊಂಬು, ಎಲುಬು, ಉಗುರು, ಹಲ್ಲುಗಳನ್ನೆಲ್ಲ ಹೆಸರಿಸಿ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಕಾಡಿನಲ್ಲಿ ತಾನಾಗಿ ಉದುರಿ ಬಿದ್ದದ್ದಾದರೂ ಎತ್ತಿ ತರುವಂತಿಲ್ಲ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕಗಳ ಸುದ್ದಿ ರಾಜ್ಯದ ತುಂಬ ಹಬ್ಬಿದಾಗ ಅನೇಕರಿಗೆ ಈ ಕಾಯ್ದೆಯ ಉದ್ದಗಲ ಮೊದಲ ಬಾರಿ ತಿಳಿಯಿತು. ಉದುರಿದ್ದನ್ನು ತಂದರೆ ಯಾರಿಗೆ ನಷ್ಟ ಎಂದು ನಾನೂ ಕೇಳಿದವನೇ. ಉತ್ತರ ಎರಡು. ಉದುರಿದ ಕೊಂಬಿಗೆ ಬೆಲೆ ಬಂದರೆ ಉದುರದ ಕೊಂಬಿಗೂ ಬೆಲೆ ಬರುತ್ತದೆ, ಕತ್ತರಿಸಿದ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಇನ್ನೊಂದು, ಅದು ಕಾಡಿನಲ್ಲಿ ಸುಮ್ಮನೆ ಬಿದ್ದಿರುವುದಿಲ್ಲ. ಮುಳ್ಳುಹಂದಿಗಳು ಅದನ್ನು ಕಡಿದು ಕಡಿದು ತಿನ್ನುತ್ತವೆ, ಅವುಗಳಿಗೆ ಬೇಕಾದ ಸುಣ್ಣ, ರಂಜಕ ಅದರಲ್ಲಿದೆ. ಕುದುರೆಮುಖದ ತಪ್ಪಲಿನಲ್ಲಿ ಕಡವೆ ಬಿಟ್ಟುಹೋದ ಕೊಂಬಿಗೆ ವಾರಸುದಾರರಿದ್ದಾರೆ.

ಹಾಗಾಗಿ ನನ್ನ ಹಿಡಿಗೆ ಸಾಕಿದ ಕೋಣದ ಕೊಂಬು ಬಂತು. ಕಂಬಳದ ನಾಡಿನಲ್ಲಿ ಕೋಣದ ಕೊಂಬಿಗೆ ಎಣ್ಣೆ ಸವರಿ ಮಿರಮಿರ ಮಾಡುವುದನ್ನು ನೋಡಿ ಬೆಳೆದವರಿಗೆ ಆ ಕಪ್ಪು ಅಪರಿಚಿತವಲ್ಲ. ಬುಡದ ಕಡೆ ಟೊಳ್ಳು, ತುದಿಯ ಕಡೆ ಗಟ್ಟಿ. ಹಿಡಿಗೆ ಬೇಕಾದ್ದು ತುದಿಯ ಗೇಣುದ್ದ. ಗರಗಸ ಹಾಕಿದ ಕೂಡಲೇ ಕೂದಲು ಸುಟ್ಟ ವಾಸನೆ. ಆಚಾರಿಯವರ ಕೋಲಿನ ಗೀಟುಗಳನ್ನು ಕೊಂಬಿಗೆ ಇಳಿಸಿಕೊಂಡು ಅರದಿಂದ ತಿದ್ದಿದೆ. ಹೆಬ್ಬೆರಳಿಗೊಂದು ತಗ್ಗು, ಕಿರುಬೆರಳಿನ ಹಿಂದೆ ಒಂದು ಉಬ್ಬು. ಆಮೇಲೆ ಗರಗತ್ತಿಯ ಎಲೆ. ಬಡಗಿಗಳು ಮರಳುಕಾಗದ ಬರುವ ಮೊದಲು ಇದರಿಂದಲೇ ಮರ ನಯ ಮಾಡುತ್ತಿದ್ದರು, ಮುಟ್ಟಿದರೆ ಬೆಕ್ಕಿನ ನಾಲಗೆಯ ಹಾಗಿರುತ್ತದೆ. ಕೊನೆಗೆ ಬೂದಿ, ತೆಂಗಿನೆಣ್ಣೆ, ಬಟ್ಟೆ. ಮೂರು ಸಂಜೆ ಉಜ್ಜಿದ ಮೇಲೆ ಕೊಂಬಿನೊಳಗಿಂದ ಬೂದುಬಣ್ಣದ ಎಳೆಗಳು ಮೇಲೆದ್ದು ಬಂದವು, ಆಷಾಢದ ಮೋಡದ ಹಾಗೆ.

ಬಾಲವನ್ನು ಹಿಡಿಯೊಳಗೆ ಕೂರಿಸಿದ್ದು ಹಳೆಯ ಕ್ರಮದಲ್ಲಿ. ಮೊದಲು ಕೊರೆದ ತೂತಿಗೆ ಅರಗು ಮತ್ತು ಇಟ್ಟಿಗೆ ಪುಡಿಯ ಮಿಶ್ರಣ ತುಂಬಬೇಕು, ಬಾಲವನ್ನು ಅರಗು ಕರಗುವಷ್ಟು ಮಾತ್ರ ಕಾಯಿಸಿ ಒತ್ತಬೇಕು. ಆಗ ಅಲಗಿಗೆ ಒದ್ದೆ ಬಟ್ಟೆ ಸುತ್ತಿರಬೇಕು, ಇಲ್ಲದಿದ್ದರೆ ಅಷ್ಟು ಕಷ್ಟಪಟ್ಟು ತಂದ ಹದ ಓಡಿಹೋಗುತ್ತದೆ. ಅರಗು ತಣಿದರೆ ಕಲ್ಲು. ಮುಂದೆಂದೋ ಹಿಡಿ ಬದಲಿಸಬೇಕೆಂದರೆ ಮತ್ತೆ ಕಾಯಿಸಿದರೆ ಸಾಕು, ಬಿಟ್ಟುಕೊಡುತ್ತದೆ. ಈಗಿನ ಅಂಟುಗಳಿಗೆ ಈ ಔದಾರ್ಯವಿಲ್ಲ.

ಒರೆಗೆ ಚರ್ಮ ಹುಡುಕಿಕೊಂಡು ಉಡುಪಿಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಬಳಿ ಹೋದೆ. ಅವರು ಮೊದಲು ಹೇಳಿಕೊಟ್ಟದ್ದು ಚರ್ಮ ಆರಿಸುವುದನ್ನು. ರಾಸಾಯನಿಕ ಹಾಕಿ ಬೇಗ ಹದಮಾಡಿದ ಚರ್ಮ ಮೆತ್ತಗಿರುತ್ತದೆ, ಆಕಾರ ನಿಲ್ಲುವುದಿಲ್ಲ. ತಂಗಡಿ ತೊಗಟೆ, ಅಳಲೆಕಾಯಿಯ ಒಗರಿನಲ್ಲಿ ನೆನೆದು ಹದವಾದ ಚರ್ಮ ನೀರು ಕುಡಿದರೆ ಮಣ್ಣಿನ ಹಾಗೆ ಮಾತು ಕೇಳುತ್ತದೆ, ಒಣಗಿದರೆ ಆ ಆಕಾರವನ್ನು ಮರೆಯುವುದಿಲ್ಲ. ಮೂರು ಮಿಲಿಮೀಟರು ದಪ್ಪದ ತುಂಡೊಂದನ್ನು ಮಡಚಿ, ಕತ್ತಿಯ ಬಾಯಿ ಬರುವ ಕಡೆ ಎರಡು ಪದರಗಳ ನಡುವೆ ಇನ್ನೊಂದು ಚರ್ಮದ ಪಟ್ಟಿ ಇಡಿಸಿದರು. ಆ ನಡುಪಟ್ಟಿಯೇ ಒರೆಯ ಜೀವ. ಅದಿಲ್ಲದಿದ್ದರೆ ಕತ್ತಿ ಒಳಗೆ ಹೋಗುವಾಗಲೆಲ್ಲ ದಾರವನ್ನು ಕೊಯ್ಯುತ್ತದೆ. ಒಂದು ದಿನ ಒರೆ ಬಾಯಿಬಿಟ್ಟು ಕೈಗೆ ಬಡಿಯುತ್ತದೆ.

ಹೊಲಿಗೆ ಎರಡು ಸೂಜಿಯದು. ಹೊಲಿಗೆಯ ಉದ್ದದ ನಾಲ್ಕು ಪಟ್ಟು ದಾರ ತೆಗೆದುಕೊಂಡು, ಜೇನುಮೇಣ ತಿಕ್ಕಿ, ಎರಡು ತುದಿಗೂ ಸೂಜಿ. ಉಳಿಯಿಂದ ಚುಚ್ಚಿದ ಪ್ರತಿ ತೂತಿನಲ್ಲೂ ಎರಡು ಸೂಜಿಗಳು ಎದುರುಬದುರಾಗಿ ದಾಟಬೇಕು. ಯಂತ್ರದ ಹೊಲಿಗೆ ಒಂದು ಕಡೆ ಕಡಿದರೆ ಬಿಚ್ಚುತ್ತ ಹೋಗುತ್ತದೆ. ಇಲ್ಲಿ ಒಂದು ಹೊಲಿಗೆ ಸತ್ತರೂ ಅಕ್ಕಪಕ್ಕದವು ಹಿಡಿದುಕೊಂಡಿರುತ್ತವೆ. ಆ ಹಿರಿಯರ ಮುಂದೆ ಕೈಯುಳಿ, ಕತ್ತಿ, ಅಡಿಗೂಂಟ ಇದ್ದವು. ಮಾದಾರ ಚೆನ್ನಯ್ಯ ತನ್ನ ವಚನದ ಅಂಕಿತದೊಳಕ್ಕೇ ಈ ಮೂರನ್ನೂ ತಂದುಕೊಂಡಿದ್ದಾನೆ. ಹತಾರಗಳ ಹೆಸರನ್ನು ದೇವರ ಹೆಸರಿನ ಪಕ್ಕದಲ್ಲಿಟ್ಟ ಆ ಧೈರ್ಯ ನನಗೆ ಅರ್ಥವಾದದ್ದು ಹನ್ನೆರಡನೆಯ ತೂತು ಓರೆಯಾಗಿ ಹೋದಾಗ. ಅವರು ಏನೂ ಹೇಳದೆ ಬಿಚ್ಚಿಸಿ ಮತ್ತೆ ಹೊಲಿಸಿದರು.

ಹೊಲಿದ ಒರೆಯನ್ನು ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ಅದ್ದಿ, ಎಣ್ಣೆ ಸವರಿ ಪ್ಲಾಸ್ಟಿಕ್ ಸುತ್ತಿದ ಕತ್ತಿಯನ್ನು ಒಳಗೆ ತೂರಿ, ಬೆರಳಿನಿಂದ ಒತ್ತಿ ಒತ್ತಿ ಅಚ್ಚು ಮಾಡಿ, ನೆರಳಿನಲ್ಲಿ ಒಣಗಿಸಿದೆವು. ಮರುದಿನ ಕತ್ತಿಯನ್ನು ಒಳಗಿಟ್ಟಾಗ ‘ಟಕ್’ ಎಂದು ಸಣ್ಣ ಸದ್ದು. ತಲೆಕೆಳಗೆ ಮಾಡಿದರೂ ಬೀಳಲಿಲ್ಲ.

ಮನೆಗೆ ತಂದ ಕತ್ತಿ ಮಾರ್ಚಿನಿಂದ ಮೇ ತನಕ ಮಲ್ಲಿಗೆ ಗಿಡದ ಗೆಲ್ಲು ಸವರಿತು, ಬಾಳೆನಾರು ಕೊಯ್ಯಿತು, ಹಲಸಿನ ಅಂಟು ತಿಂದಿತು. ಜೂನಿನಲ್ಲಿ ಮಳೆ ಹಿಡಿಯಿತು. ಆಗಸ್ಟಿನ ಒಂದು ಬೆಳಿಗ್ಗೆ ಒರೆಯಿಂದ ಎಳೆದಾಗ ಅಲಗಿನ ಎರಡು ಕಡೆಯೂ ಕಂದು ತುಕ್ಕು, ನಡುನಡುವೆ ಮಸಿಯಂಥ ಕಪ್ಪು ಕಲೆ. ಒರೆಯ ಮೇಲೆ ಹಸಿರು ಬೂಷ್ಟು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ. ಕಾಪುವಿನಲ್ಲಿ ಅದರ ಜೊತೆ ಕಡಲಿನ ಉಪ್ಪುಗಾಳಿ. ಚರ್ಮ ಆ ತೇವವನ್ನೆಲ್ಲ ಕುಡಿದು ಕತ್ತಿಯ ಮೈಗೆ ಒತ್ತಿ ಹಿಡಿದುಕೊಂಡಿತ್ತು. ಕಪ್ಪು ಕಲೆ ತೊಗಟೆಯ ಒಗರು ಕಬ್ಬಿಣಕ್ಕೆ ತಾಗಿ ಆದದ್ದು, ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಹೀಗೆಯೇ. ಅಷ್ಟು ಬಿಗಿಯಾದ, ಅಷ್ಟು ಚೆಂದದ ಒರೆಯ ಬಿಗಿಯೇ ಅದರ ದೋಷವಾಗಿತ್ತು.

ಆಗ ನನ್ನ ಕಣ್ಣು ಮೊದಲ ಬಾರಿ ಪಕ್ಕದ ತೋಟಕ್ಕೆ ಬರುವವರ ಸೊಂಟದ ಮೇಲೆ ನಿಂತಿತು. ಹಗ್ಗಕ್ಕೆ ಕಟ್ಟಿದ ಮರದ ಕೊಕ್ಕೆ, ಅದರ ಸೀಳಿನಲ್ಲಿ ಸಿಕ್ಕಿಸಿದ ಕತ್ತಿ, ಅಲಗು ಪೂರ್ತಿ ಬಯಲಿಗೆ. ನಾನು ಅದನ್ನು ದಿನವೂ ನೋಡಿದ್ದೆ, ಒರೆ ಎಂದು ಎಣಿಸಿರಲಿಲ್ಲ. ಮಳೆ ಬಿದ್ದರೆ ನೀರು ಅಲಗಿನ ಮೇಲಿಂದ ಇಳಿದುಹೋಗುತ್ತದೆ, ಗಾಳಿ ಎರಡು ಕಡೆಯಿಂದ ಒಣಗಿಸುತ್ತದೆ. ಮರ ಹತ್ತುವಾಗ ಎರಡು ಕೈಯೂ ಖಾಲಿ, ಬೇಕೆಂದಾಗ ಹಿಂದಕ್ಕೆ ಕೈ ಹಾಕಿದರೆ ಹಿಡಿ ಸಿಗುತ್ತದೆ. ಕೊಡಗಿನಲ್ಲಿ ಒಡಿಕತ್ತಿಯನ್ನು ಬೆನ್ನ ಹಿಂದಿನ ಲೋಹದ ತೊಡಂಗಿನಲ್ಲಿ ತೆರೆದೇ ಸಿಕ್ಕಿಸುತ್ತಾರೆ; ಬೆಳ್ಳಿ ಕೆಲಸದ ಮುಚ್ಚಿದ ಒರೆ ಇರುವುದು ಸಮಾರಂಭಕ್ಕೆ ಸೊಂಟಪಟ್ಟಿಯಾದ ಚೇಲೆಯಲ್ಲಿ ತೊಡುವ ಪೀಚೆಕತ್ತಿಗೆ. ಮಳೆಯ ನಾಡು ಕೆಲಸದ ಕತ್ತಿಗೆ ಕಟ್ಟಿದ್ದು ಗೋಡೆಯಿಲ್ಲದ ಮನೆ, ಆಚಾರಿಯವರ ಕೊಟ್ಯದ ಹಾಗೆ. ಕಳ್ಳಿಳಿಸುವ ಮೂರ್ತೆದಾರರ ಕತ್ತಿಗಂತೂ ಕ್ಷೌರದ ಹರಿತ ಬೇಕು. ಹೊಂಬಾಳೆಯ ತುದಿಯನ್ನು ದಿನವೂ ಕಾಗದದಷ್ಟು ತೆಳುವಾಗಿ ಕೆತ್ತಬೇಕು, ದಪ್ಪ ಕೆತ್ತಿದರೆ ಹೊಂಬಾಳೆ ಬೇಗ ಮುಗಿಯುತ್ತದೆ, ತುಕ್ಕು ಹಿಡಿದ ಬಾಯಲ್ಲಿ ಆ ಕೆಲಸ ಆಗದು. ಬಂಟ್ವಾಳದಲ್ಲಿ ತುಕಾರಾಂ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತುಸಂಗ್ರಹಾಲಯದ ಹತಾರಗಳ ನಡುವೆ ನಡೆದಾಡಿದರೆ ಇಂಥ ಯೋಚನೆಗಳು ಒಂದೊಂದಾಗಿ ಹೊಳೆಯುತ್ತವೆ.

ಕತ್ತಿಯನ್ನು ಆಚಾರಿಯವರಿಗೆ ತೋರಿಸಿದೆ. ಇಟ್ಟಿಗೆ ಪುಡಿಗೆ ತೆಂಗಿನೆಣ್ಣೆ ಬೆರೆಸಿ ತೆಂಗಿನ ಸಿಪ್ಪೆಯಲ್ಲಿ ಉಜ್ಜಿ ತುಕ್ಕು ತೆಗೆದರು. ಕಪ್ಪು ಕಲೆಗಳನ್ನು ಹಾಗೇ ಬಿಡಿ, ಅವು ಇನ್ನು ಕತ್ತಿಯನ್ನು ಕಾಯುತ್ತವೆ ಎಂದರು. ಒರೆಯನ್ನು ಉಡುಪಿಗೆ ಒಯ್ದೆ. ಹಿರಿಯರು ಅದನ್ನು ಬೆಳಕಿಗೆ ಹಿಡಿದು, ಒಳಗೆ ಬೆರಳು ಹಾಕಿ ನೋಡಿ, ಮೊನೆ ಬರುವ ತುದಿಯಲ್ಲಿ ಉಳಿಯಿಂದ ಒಂದು ತೂತು ಹೊಡೆದು ಕೊಟ್ಟರು. ಅದೀಗ ದೀಪಾವಳಿಯಿಂದ ಮೇ ತನಕದ ಒರೆ. ಮಳೆಗಾಲಕ್ಕೆಂದು ಕಿರಾಲ್‌ಬೋಗಿಯ ತುಂಡೊಂದರಲ್ಲಿ ಕೊಕ್ಕೆ ಕೆತ್ತುತ್ತಿದ್ದೇನೆ. ದೋಣಿಗೆ ಬಳಸುವ ಮರ, ಉಳಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಸೀಳಿನ ಅರ್ಧ ಆಗಿದೆ.